ನಡುಮನೆಯ ಪ್ರಸಾರ ಕೇಂದ್ರ

ನಮ್ಮ ಮನೆಯ ಟಿ.ವಿ.ಯನ್ನು ನೋಡುವವರು ಒಬ್ಬರು, ಕೇಳುವವರು ಇಡೀ ಬೀದಿಯವರು. ಅಪ್ಪನಿಗೆ ಎಂಬತ್ತೈದು ದಾಟಿದೆ. ವಾರ್ತೆ, ಕ್ರಿಕೆಟ್ಟು, ರಾತ್ರಿ ಎರಡು ಧಾರಾವಾಹಿ ಅವರ ನಿತ್ಯವಿಧಿ. ವಾಲ್ಯೂಮು ಎಷ್ಟೆಂದರೆ, ಬೆಂಗಳೂರಿನ ಸ್ಟುಡಿಯೋದವರು ಕಿಟಕಿ ತೆರೆದರೆ ಸಾಕು, ಅವರು ಓದಿದ ವಾರ್ತೆ ಮೈಸೂರಿನಿಂದ ಅವರಿಗೇ ವಾಪಸ್ಸು ಕೇಳಿಸಬೇಕು. ಎದುರುಮನೆಯವರು ತಮ್ಮ ಟಿ.ವಿ.ಯಲ್ಲಿ ಚಿತ್ರ ಮಾತ್ರ ಹಾಕಿಕೊಂಡು ಶಬ್ದವನ್ನು ನಮ್ಮಿಂದ ಪಡೆಯುತ್ತಿದ್ದರು. ಅವರದು ಕೇಬಲ್ಲು, ನಮ್ಮದು ಡಿಶ್ಶು. ಅವರಲ್ಲಿ ವಿಕೆಟ್ ಬಿದ್ದು ಎರಡು ಕ್ಷಣ ಕಳೆದ ಮೇಲೆ ನಮ್ಮಲ್ಲಿ ಕೂಗು ಏಳುತ್ತಿತ್ತು. ಆ ಮನೆಯ ಯಜಮಾನರು ಒಂದು ದಿನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಸಾರ್, ನೀವೂ ಕೇಬಲ್ಲಿಗೇ ಬಂದುಬಿಡಿ, ಆಗ ಸರಿಯಾಗಿ ಹೊಂದುತ್ತೆ" ಎಂದರು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು.

ಅಪ್ಪನಿಗೆ ಕಿವಿಯೇ ಕೇಳುವುದಿಲ್ಲ ಎಂದೇನಲ್ಲ. ವಯಸ್ಸಾದಂತೆ ಮೊದಲು ಕೈಕೊಡುವುದು ಹೆಚ್ಚಿನ ಆವರ್ತಾಂಕದ ಸದ್ದುಗಳು. ಸ್ವರಗಳು ಕೆಳಗಿನವು, ಅವು ಕೇಳುತ್ತವೆ. ಸ, ಶ, ತ, ಕ ಮೇಲಿನವು, ಅವು ಜಾರಿಹೋಗುತ್ತವೆ. ಅತ್ತೆಯ ಮಾತಿನಲ್ಲೂ ಸೊಸೆಯ ಮಾತಿನಲ್ಲೂ ಉಳಿಯುವುದು ಬರೀ ಅ, ಎ, ಓ. ಅದರ ಮೇಲೆ ಧಾರಾವಾಹಿಯ ಹಿನ್ನೆಲೆ ಸಂಗೀತ ಬೇರೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿ ಹಿಯರಿಂಗ್ ಏಡ್ ಕೊಡಿಸಿದ್ದೂ ಆಗಿದೆ. ಅಷ್ಟು ಒಳ್ಳೆಯ ಯಂತ್ರ ಸವೆಯಬಾರದೆಂದು ಅಪ್ಪ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.

ಇಂಥ ಮನೆಯಲ್ಲಿ ನಾನು ಭೌತಶಾಸ್ತ್ರದ ಉಪನ್ಯಾಸಕ. ಎರಡನೇ ಪಿಯುಸಿ ಪುಸ್ತಕದ ಕೊನೆಯ ಅಧ್ಯಾಯ ಸಂವಹನ ವ್ಯವಸ್ಥೆ ಆಗಿತ್ತು. ಬೋರ್ಡಿನ ಮೇಲೆ ಸಾಲಾಗಿ ಐದು ಚೌಕ: ಮಾಹಿತಿಯ ಮೂಲ, ಟ್ರಾನ್ಸ್‌ಮಿಟರ್, ಚಾನಲ್, ರಿಸೀವರ್, ಬಳಕೆದಾರ. ನಡುವೆ ಬಾಣಗಳು. ಚಾನಲ್ಲಿಗೆ ಎಲ್ಲಿಂದಲೋ ಬಂದು ನೆಡುವ ಇನ್ನೊಂದು ಬಾಣ, ಅದು ಗದ್ದಲ. ವರ್ಷವರ್ಷವೂ ಇದನ್ನು ಬರೆದು, "ನೋಡಿ, ಇಷ್ಟೇ" ಎಂದು ಸೀಮೆಸುಣ್ಣದ ಕೈ ಕೊಡವಿಕೊಂಡವನು ನಾನು. ಐದನೆಯ ಚೌಕದ ವಿಷಯದಲ್ಲಿ ಯಾವ ತರಗತಿಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಈಚೆಗೆ ಪಠ್ಯದ ಹೊರೆ ಇಳಿಸುವಾಗ ಎನ್‌ಸಿಇಆರ್‌ಟಿಯವರು ಆ ಅಧ್ಯಾಯವನ್ನೇ ತೆಗೆದುಹಾಕಿದರು. ನಮ್ಮ ಮನೆಯ ವಿದ್ಯಮಾನಗಳು ದೆಹಲಿಗೆ ಮುಟ್ಟಿದ್ದೇ ಅದಕ್ಕೆ ಕಾರಣವೆಂದು ನನ್ನ ಹೆಂಡತಿ ನಂಬಿದ್ದಾಳೆ.

ಮೊದಲು ಮಗಳ ಬ್ಲೂಟೂತ್ ಹೆಡ್‌ಫೋನನ್ನು ಅಪ್ಪನ ತಲೆಗೇರಿಸಿದೆ. ಸದ್ದು ಚೆನ್ನಾಗಿಯೇ ಬಂತು. ಅಪ್ಪ ಸ್ವಲ್ಪ ಹೊತ್ತು ನೋಡಿ, "ಇದು ಡಬ್ಬಿಂಗ್ ಸೀರಿಯಲ್ಲೇನೋ?" ಎಂದರು.

"ಅಲ್ಲಪ್ಪ, ಕನ್ನಡದ್ದೇ."

"ಮತ್ತೆ ಆ ಹುಡುಗಿ ಬಾಯಿ ಮುಚ್ಚಿದ ಮೇಲೆ ಮಾತಾಡ್ತಾಳಲ್ಲ?"

ಬ್ಲೂಟೂತ್ ಸದ್ದನ್ನು ಅಂಕಿಗಳಾಗಿ ಪುಡಿಮಾಡಿ, ಕಟ್ಟು ಕಟ್ಟಿ ಕಳಿಸುತ್ತದೆ. ಆಚೆ ಬದಿಯಲ್ಲಿ ಕಟ್ಟು ಬಿಚ್ಚಿ ಜೋಡಿಸಬೇಕು. ಸಾಮಾನ್ಯ ಹೆಡ್‌ಫೋನಿನಲ್ಲಿ ಇದಕ್ಕೆ 150ರಿಂದ 200 ಮಿಲಿಸೆಕೆಂಡ್ ಹಿಡಿಯುತ್ತದೆ. ಸದ್ದು ಚಿತ್ರಕ್ಕಿಂತ 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ನೋಡುವವರಿಗೆ ಗೊತ್ತಾಗತೊಡಗುತ್ತದೆ ಎಂದು ಪ್ರಸಾರದ ಅಂತರರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ಇದನ್ನೆಲ್ಲ ನಾನು ಅಪ್ಪನಿಗೆ ಕೈಬಾಯಿ ಆಡಿಸಿ ವಿವರಿಸಿದೆ. ಅವರು ಕೇಳಿಸಿಕೊಂಡು, "ಡಬ್ಬಿಂಗ್ ಬೇಡ ಅಂತ ಎಷ್ಟು ವರ್ಷ ಹೋರಾಡಿದರು. ನೀನು ಮನೇಲೇ ಶುರು ಮಾಡಿದೆಯಲ್ಲೋ" ಎಂದು ಹೆಡ್‌ಫೋನ್ ಕಳಚಿಟ್ಟರು.

ಆಗ ತರಿಸಿದ್ದು ಹಳೆಯ ಕ್ರಮದ, ಅಂದರೆ ರೇಡಿಯೋ ತರಂಗದ ಹೆಡ್‌ಫೋನು. ಇದರಲ್ಲಿ ಪುಡಿ ಮಾಡುವುದು, ಕಟ್ಟುವುದು ಯಾವುದೂ ಇಲ್ಲ. ಟಿ.ವಿ.ಯ ಪಕ್ಕದಲ್ಲಿ ಕೂರುವ ಪೀಠವೊಂದು ಇರುತ್ತದೆ, ಅದೇ ಬೇಸ್ ಸ್ಟೇಷನ್. ಟಿ.ವಿ.ಯ ಸದ್ದನ್ನು ಅದು ಎಫ್‌ಎಂ ಮಾಡಿ ಗಾಳಿಗೆ ಬಿಡುತ್ತದೆ, ಹೆಡ್‌ಫೋನಿನೊಳಗಿನ ಪುಟ್ಟ ರೇಡಿಯೋ ಹಿಡಿಯುತ್ತದೆ. ಕಾಯುವ ಮಾತೇ ಇಲ್ಲ. ಗೋಡೆಯನ್ನೂ ದಾಟುತ್ತದೆ. ಅಪ್ಪ ಕನ್ನಡಕ ಹಾಕಿಕೊಂಡು ಡಬ್ಬದ ನಾಲ್ಕೂ ಮಗ್ಗುಲು ಓದಿದರು.

"ಟ್ರಾನ್ಸ್‌ಮಿಟರ್ ಅಂತ ಬರೆದಿದೆ. ಲೈಸೆನ್ಸ್ ಎಲ್ಲಿ?"

ಅಪ್ಪ ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿದ್ದ ಕಾಲ ಈಗಿನವರಿಗೆ ಗೊತ್ತಿಲ್ಲ. ಪೋಸ್ಟಾಫೀಸಿನಲ್ಲಿ ಒಂದು ಚಿಕ್ಕ ಪುಸ್ತಕ ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಹೋಗಿ ಹದಿನೈದು ರೂಪಾಯಿ ಕಟ್ಟಿ, ಅದಕ್ಕೆ ಚೀಟಿ ಅಂಟಿಸಿ, ಮೊಹರು ಹೊಡೆಸಿಕೊಂಡು ಬರಬೇಕು. 1980ರ ದಶಕದ ನಡುವಿನಲ್ಲಿ ಆ ಪದ್ಧತಿ ಹೋಯಿತು. ಅಲ್ಲಿಯವರೆಗೆ ಊರಿನ ರೇಡಿಯೋಗಳೆಲ್ಲ ಹಾಡುತ್ತಿದ್ದದ್ದು ಅಪ್ಪನ ಮೊಹರಿನ ದಯೆಯಿಂದ. "ಬರೀ ಕೇಳೋದಕ್ಕೇ ಲೈಸೆನ್ಸ್ ಇತ್ತು. ನೀನು ಪ್ರಸಾರಕ್ಕೇ ಹೊರಟಿದ್ದೀಯ" ಎಂದರು.

ನಮ್ಮ ಡಬ್ಬದ ಮೇಲೆ 865 ಮೆಗಾಹರ್ಟ್ಸ್ ಎಂದು ಅಚ್ಚಾಗಿತ್ತು. ಆ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಡವೆಂದು ಕೇಂದ್ರ ಸರ್ಕಾರ 2005ರಲ್ಲೇ ನಿಯಮ ಮಾಡಿದೆ. ಹಾಗೆಂದು ಹೇಳಿದೆ. "ಆದೇಶದ ಪ್ರತಿ?" ಎಂದರು. ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಗೆಜೆಟ್ ಪ್ರಕಟಣೆ ಪ್ರಿಂಟ್ ಮಾಡಿಸಿ ತಂದೆ. ಅಪ್ಪ ಪೂರ್ತಿ ಓದಿ, ಮೂಲೆಯಲ್ಲಿ ಸಹಿ ಹಾಕಿ, ದಿನಾಂಕ ಬರೆದು, ಕಂದಾಯದ ರಸೀತಿಗಳ ಫೈಲಿಗೆ ಸೇರಿಸಿದರು. ಮೊಹರು ಮಾತ್ರ ಇರಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಮೈಸೂರಿನವರ ಎದುರಿಗೆ ಮನೆಯಲ್ಲಿ ಟ್ರಾನ್ಸ್‌ಮಿಟರ್ ಕೂರಿಸುತ್ತೇನೆ ಎನ್ನಬಾರದು. 1935ರಲ್ಲಿ ಇದೇ ಊರಿನಲ್ಲಿ ಮಹಾರಾಜಾ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ರೇಡಿಯೋ ಕೇಂದ್ರ ನಡೆಸಿದರು. 30 ವ್ಯಾಟಿನ ಪುಟ್ಟ ಟ್ರಾನ್ಸ್‌ಮಿಟರು. ಆಕಾಶವಾಣಿ ಎಂಬ ಹೆಸರು ಮೊದಲು ಸಿಕ್ಕಿದ್ದು ಆ ಮನೆಯ ಕೇಂದ್ರಕ್ಕೆ, ದೇಶದ ರೇಡಿಯೋಗೆಲ್ಲ ಅದು ಬಂದದ್ದು ಆಮೇಲೆ. ಇಷ್ಟನ್ನೂ ಹೇಳಿ ಅಪ್ಪ ಕೊನೆಗೆ, "ಅವರು ಮನಃಶಾಸ್ತ್ರದ ಪ್ರೊಫೆಸರ್. ನಿನ್ನ ಹಾಗೆ ಭೌತಶಾಸ್ತ್ರ ಅಲ್ಲ" ಎಂದರು. ಗೋಪಾಲಸ್ವಾಮಿಯವರು ಊರಿಗೆಲ್ಲ ಕೇಳಿಸಿದರು. ನನ್ನ ಗುರಿ ಟಿ.ವಿ.ಯಿಂದ ಸೋಫಾದವರೆಗೆ.

ಆ ಹತ್ತಡಿ ಸುಲಭದ್ದಲ್ಲ. ಪೀಠದಿಂದ ಹೊರಡುವ ತಂತಿಯ ತುದಿಯಲ್ಲಿ ಹೆಡ್‌ಫೋನಿನ ಗುಂಡು ಪಿನ್ನು. ನಮ್ಮ ಟಿ.ವಿ. ಗೋಡೆಗೆ ಅಂಟಿಕೊಂಡಿದೆ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕೆನ್ನೆಯನ್ನು ಗೋಡೆಗೆ ಒತ್ತಿ, ಬೆರಳಿನಿಂದ ಟಿ.ವಿ.ಯ ಬೆನ್ನು ಸವರಿದೆ. ಗುಂಡು ತೂತೇ ಇಲ್ಲ. ಟಿ.ವಿ. ತೆಳುವಾಗುತ್ತ ಹೋದಂತೆ ಕಂಪನಿಗಳು ಆ ತೂತನ್ನು ಬಿಡುತ್ತ ಬಂದಿವೆ. ಇದ್ದದ್ದು ಚೌಕದ, ಒಳಗೆ ಕೆಂಪು ಬೆಳಕಿರುವ ಆಪ್ಟಿಕಲ್ ತೂತು. ಅದಕ್ಕೊಂದು ಕನ್ವರ್ಟರ್ ಡಬ್ಬಿ ತಂದೆ. ಸದ್ದಿಲ್ಲ. ಟಿ.ವಿ. ಡಾಲ್ಬಿಯಲ್ಲಿ ಹೇಳುತ್ತಿತ್ತು, ಡಬ್ಬಿಗೆ ತಿಳಿಯುವುದು ಪಿಸಿಎಂ ಮಾತ್ರ. ಸೆಟ್ಟಿಂಗ್ ಬದಲಿಸಲು ಹೋಗಿ ಟಿ.ವಿ.ಯ ಮೆನು ತಮಿಳಿಗೆ ತಿರುಗಿತು. ಹಿಂದಕ್ಕೆ ತರುವ ದಾರಿಯೂ ತಮಿಳಿನಲ್ಲೇ ಇತ್ತು. ಹೆಂಡತಿ ಬಂದು, "ರೀ, ಸೆಟ್‌ಟಾಪ್ ಬಾಕ್ಸಿನ ಹಿಂದೆ ಕೆಂಪು ಬಿಳಿ ತೂತು ಇವೆಯಲ್ಲ, ಅವು ಯಾತಕ್ಕೆ?" ಎಂದಳು. ನಾನು ಅದನ್ನೇ ಯೋಚಿಸುತ್ತಿದ್ದೇನೆ ಎಂದೆ. ಗುಂಡು ಪಿನ್ನಿಗೆ ಕವಲು ತಂತಿ ಸೇರಿಸಿ ಅದರ ಎರಡು ಪಿನ್ನು ಚುಚ್ಚಿದ್ದೇ ಪೀಠದ ಮೇಲೆ ಹಸಿರು ದೀಪ ಹತ್ತಿತು.

ಹೆಡ್‌ಫೋನಿನಲ್ಲಿ ಮಾತ್ರ ಬರೀ ಸೊಯ್ಯೆನ್ನುವ ಸದ್ದು. ತರಂಗಕ್ಕೆ ಏನೋ ಅಡ್ಡ ಬರುತ್ತಿದೆ ಎಂದು ತೀರ್ಮಾನಿಸಿ ಪೀಠವನ್ನು ಟಿ.ವಿ.ಯ ಮೇಲಿಟ್ಟೆ, ಷೋಕೇಸಿನ ಮೇಲಿಟ್ಟೆ, ಕುರ್ಚಿ ಹತ್ತಿ ಕೈಯೆತ್ತಿ ಹಿಡಿದೆ. 865 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್, ಅಂದರೆ ಒಂದೂವರೆ ಗೇಣು. ನೇರ ಬಂದ ತರಂಗವೂ ಉಕ್ಕಿನ ಬೀರುವಿಗೆ ಬಡಿದು ಬಂದದ್ದೂ ಸೇರಿದಾಗ ಕೆಲವೆಡೆ ಒಂದನ್ನೊಂದು ಅಳಿಸಿಬಿಡುತ್ತವೆ. "ಅಪ್ಪ, ತಲೆಯನ್ನ ಮುಕ್ಕಾಲು ಗೇಣು ಎಡಕ್ಕೆ ಮಾಡಿ. ಈಗ ಬಲಕ್ಕೆ" ಎಂದು ಕುರ್ಚಿಯ ಮೇಲಿನಿಂದಲೇ ಪಾಠ ಮಾಡಿದೆ. ಅಪ್ಪ ತಲೆ ಅಲ್ಲಾಡಿಸಲಿಲ್ಲ. ಹೆಡ್‌ಫೋನನ್ನು ಕಳಚಿ, ಕಿವಿಯ ಬಟ್ಟಲಿನ ಅಂಚಿನಲ್ಲಿದ್ದ ಪುಟ್ಟ ಚಕ್ರವನ್ನು ಉಗುರಿನಲ್ಲಿ ಕಾಣದಷ್ಟು ತಿರುಗಿಸಿದರು. ಸ್ವಲ್ಪ ಮುಂದೆ ಹೋಗಿ, ಅರ್ಧ ಹಿಂದೆ ಬಂದು, ನಿಲ್ಲಿಸಿದರು. ಬುಧವಾರ ರಾತ್ರಿ ಶಾರ್ಟ್‌ವೇವ್‌ನ ಗದ್ದಲದೊಳಗಿಂದ ರೇಡಿಯೋ ಸಿಲೋನನ್ನು ಹಿಡಿದು ಬಿನಾಕಾ ಗೀತಮಾಲಾ ಕೇಳಿದ ಬೆರಳು ಅದು. "ಬಂತು" ಎಂದರು. "ಸ ಕೇಳಿಸ್ತಿದೆ, ಶ ಬೇರೆ ಕೇಳಿಸ್ತಿದೆ. ಇವಳು ಕನ್ನಡ ಎಷ್ಟು ಕೆಟ್ಟದಾಗಿ ಮಾತಾಡ್ತಾಳೆ ಅಂತ ಇವತ್ತು ಗೊತ್ತಾಯ್ತು."

ನಾನು ಇನ್ನೂ ಕುರ್ಚಿಯ ಮೇಲೆ ಪೀಠ ಹಿಡಿದು ನಿಂತಿದ್ದೆ.

ನಿಲಯ ಸ್ಥಾಪನೆಯಾದದ್ದೇನೋ ಸರಿ, ನಡೆಸುವ ಕಷ್ಟ ಬೇರೆ. ನಮ್ಮಲ್ಲಿ ಎರಡು ರಿಮೋಟು. ಟಿ.ವಿ.ಯದರಿಂದ ವಾಲ್ಯೂಮ್ ತಗ್ಗಿಸಿದರೆ ತೊಂದರೆಯಿಲ್ಲ. ಸೆಟ್‌ಟಾಪ್ ಬಾಕ್ಸಿನದರಿಂದ ತಗ್ಗಿಸಿದರೆ ಪೀಠಕ್ಕೆ ಹೋಗುವ ಸದ್ದೇ ತಗ್ಗುತ್ತದೆ. ಸ್ವಲ್ಪ ಹೊತ್ತು ಸದ್ದು ಸಿಗದಿದ್ದರೆ ಕಾರ್ಯಕ್ರಮ ಮುಗಿಯಿತೆಂದು ತಿಳಿದು ಪೀಠ ತಾನಾಗಿ ಆರಿಹೋಗುತ್ತದೆ. ನಿಲಯ ಆರಿದರೂ ಹೆಡ್‌ಫೋನ್ ಆರುವುದಿಲ್ಲ. ಖಾಲಿ ಗಾಳಿಯ ಗದ್ದಲವನ್ನೇ ದೊಡ್ಡದು ಮಾಡಿ ಕಿವಿಗೆ ಹೊಯ್ಯುತ್ತದೆ. ಒಂದು ಮಧ್ಯಾಹ್ನ ಅಪ್ಪ ಹೆಡ್‌ಫೋನ್ ಹಾಕಿಕೊಂಡೇ ತೂಕಡಿಸಿದ್ದರು. ಹೆಂಡತಿ ಮಾವನ ನಿದ್ದೆ ಕೆಡಬಾರದೆಂದು ಕೈಗೆ ಸಿಕ್ಕ ರಿಮೋಟಿನಿಂದ ಸದ್ದು ಅಡಗಿಸಿದಳು. ಕೆಲಹೊತ್ತಿನ ಮೇಲೆ ಅಪ್ಪ ಧಡಕ್ಕನೆ ಎದ್ದು, "ಮಳೆ! ಮಳೆ! ಹಪ್ಪಳ ತೆಗೀರಮ್ಮಾ!" ಎಂದು ಕೂಗಿದರು. ಅವಳು ತಾರಸಿಗೆ ಓಡಿ, ಅರ್ಧ ಒಣಗಿದ ಹಪ್ಪಳವನ್ನೆಲ್ಲ ಸೀರೆಯ ಸಮೇತ ಸುತ್ತಿ ಕೆಳಗೆ ತಂದ ಮೇಲೆ ನೋಡಿದರೆ ಹೊರಗೆ ಸುಡುಬಿಸಿಲು. ಮಡಿಸಿದ ಕಡೆಯಲ್ಲೆಲ್ಲ ಹಪ್ಪಳ ಅಂಟಿಕೊಂಡಿತ್ತು. ಆ ವರ್ಷ ನಾವು ತಿಂದದ್ದೆಲ್ಲ ಜೋಡಿ ಹಪ್ಪಳ. ಪ್ರತಿಯೊಂದನ್ನೂ ನನ್ನ ತಟ್ಟೆಗೇ ಮೊದಲು ಹಾಕುತ್ತಿದ್ದಳು.

ಇನ್ನೊಂದು ಫಲವನ್ನು ನಾನು ಊಹಿಸಿರಲಿಲ್ಲ. ಕಿವಿಯಲ್ಲಿ ಸದ್ದು ತುಂಬಿದವರು ತಮಗೆ ತಿಳಿಯದೆಯೇ ದನಿ ಎತ್ತುತ್ತಾರೆ. ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ಕಿವಿ ವೈದ್ಯರು 1911ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಈಗ ನಮ್ಮ ಟಿ.ವಿ. ಮೂಕ, ವೀಕ್ಷಕ ವಿವರಣೆಯೆಲ್ಲ ಅಪ್ಪನದು. "ಔಟ್ ಅಲ್ಲ ಅದು!", "ಇವನಿಗೆ ಯಾರೋ ವೋಟು ಹಾಕಿದ್ದು?" ಎಂಬುದು ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಗೂ ಮುಟ್ಟುತ್ತದೆ. ಎದುರುಮನೆಯವರು ಸಿಕ್ಕಾಗ, "ಈಗ ಕಾಮೆಂಟರಿ ಕನ್ನಡದಲ್ಲಿ ಬರ್ತಿದೆ, ತುಂಬಾ ಅನುಕೂಲ" ಎಂದರು.

ಇಂಥ ಪೀಠ ಒಂದಿದ್ದರೆ ಹೆಡ್‌ಫೋನ್ ಎಷ್ಟು ಬೇಕಾದರೂ ಇರಬಹುದು. ಪ್ರಸಾರವೆಂದ ಮೇಲೆ ಕೇಳುಗರಿಗೆ ಲೆಕ್ಕವಿಲ್ಲ. ಈ ಗುಟ್ಟನ್ನು ನಾನೇ ಜಂಬದಿಂದ ಹೇಳಿದ್ದು. ಮರುವಾರವೇ ಇನ್ನೊಂದು ಬಂತು. ಈಗ ಹೆಂಡತಿ ಅಡುಗೆಮನೆಯಲ್ಲಿ ಅದನ್ನು ಹಾಕಿಕೊಂಡು ಚಪಾತಿ ಲಟ್ಟಿಸುತ್ತ ಧಾರಾವಾಹಿ ಕೇಳುತ್ತಾಳೆ. ಮಾವ ಹಾಲ್‌ನಿಂದ, ಸೊಸೆ ಒಳಗಿನಿಂದ, ನಾಯಕಿ ಗಂಡನನ್ನು ಬಿಡಬೇಕೋ ಬೇಡವೋ ಎಂದು ಗೋಡೆಯಾಚೆಯಿಂದಲೇ ಗಟ್ಟಿಯಾಗಿ ಚರ್ಚಿಸುತ್ತಾರೆ. ನಡುವೆ ಕೂತ ನನಗೆ ಚಿತ್ರ ಮಾತ್ರ. ಕಾಫಿ ಕೇಳಿದರೆ ಇಬ್ಬರಿಗೂ ಕೇಳಿಸುವುದಿಲ್ಲ.

ಇಷ್ಟಾದ ಮೇಲೂ ಕೊಳ್ಳುತ್ತೀರಾದರೆ, ಡಬ್ಬ ತರಿಸುವ ಮೊದಲು ಟಿ.ವಿ.ಯ ಬೆನ್ನಲ್ಲಿ ಯಾವ ತೂತಿದೆ ನೋಡಿ. ಹೆಡ್‌ಫೋನಿಗೆ ಚಾರ್ಜ್ ಆಗುವ 1.2 ವೋಲ್ಟಿನ ಸೆಲ್ಲುಗಳನ್ನೇ ಹಾಕಿ. ಗೋಡೆ ಗಡಿಯಾರದ ಮಾಮೂಲಿ ಸೆಲ್ ಹಾಕಿ ಪೀಠದ ಮೇಲೆ ಚಾರ್ಜಿಗಿಟ್ಟರೆ ಸೋರಿ ಹಾಳಾಗುತ್ತದೆ. ಹಪ್ಪಳ ಒಣಹಾಕಿದ ದಿನ ಸೆಟ್‌ಟಾಪ್ ಬಾಕ್ಸಿನ ರಿಮೋಟನ್ನು ಬಚ್ಚಿಡಿ. ಇಷ್ಟಕ್ಕೂ ಸದ್ದು ಬರದಿದ್ದರೆ ದಯವಿಟ್ಟು ನನ್ನನ್ನು ಕರೆಯಬೇಡಿ, ನಾನು ಬಂದು ಚೌಕ ಬರೆಯುತ್ತೇನೆ. ಅಪ್ಪನನ್ನು ಕರೆಯಿರಿ. ಗೆಜೆಟ್ ಪ್ರತಿಯನ್ನು ಅವರೇ ತರುತ್ತಾರೆ.