ಬ್ಲ್ಯಾಕ್‌ಪೂಲಿನ ಫ್ಲ್ಯಾಟು, ಚಳ್ಳಕೆರೆಯ ರಿಟರ್ನು: ಬಳಸುವ ವಿಧಾನ

ಈ ಕೈಪಿಡಿ ಎಲ್ಲರಿಗಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದುಡಿದು, ಬ್ಲ್ಯಾಕ್‌ಪೂಲಿನ ಕಡಲ ದಂಡೆಯಲ್ಲೊಂದು ಫ್ಲ್ಯಾಟು ಕೊಂಡು, ಅದನ್ನು ರಜೆಗೆ ಬರುವವರಿಗೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟು, ಕೊನೆಗೆ ಚಳ್ಳಕೆರೆಗೆ ವಾಪಸು ಬಂದು ನೆಲೆಸಿದವರಿಗೆ ಮಾತ್ರ. ಉಳಿದವರು ನಗರಸಭೆ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿ, ಶೇ 5 ರಿಯಾಯಿತಿ ಪಡೆದು, ಸುಖವಾಗಿರಿ.

ಬಳಸುವ ಮುನ್ನ

ಮೊದಲು ನೀವು ಯಾರು ಅನ್ನುವುದು ಗೊತ್ತಾಗಬೇಕು. ಇದಕ್ಕೆ ಗುರುಗಳು ಬೇಡ, ಪಾಸ್‌ಪೋರ್ಟು ಸಾಕು; ಠಸ್ಸೆ ನೋಡಿ ದಿನ ಎಣಿಸಿ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನ ಮೀರದಂತೆ ಇಲ್ಲಿದ್ದರೆ, ಬಂದ ಹೊಸತರಲ್ಲಿ ನೀವು ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’. ಊರ ಜಾತ್ರೆಗೆ ಬಂದ ನೆಂಟನ ಮರ್ಯಾದೆ ಇದು: ಇಂಗ್ಲೆಂಡಿನ ಬಾಡಿಗೆಯನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ. ಎರಡು-ಮೂರು ವರ್ಷಕ್ಕೆ ಮರ್ಯಾದೆ ಮುಗಿದು ಮನೆಮಂದಿಯಾಗುತ್ತೀರಿ. ಆಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ಸಂಪಾದನೆಯಾದರೂ ಲೆಕ್ಕ ಚಳ್ಳಕೆರೆಯಲ್ಲೇ.

ಫ್ಲ್ಯಾಟು ಮಾರಲೇಬೇಕೇ? ಬೇಡ. ಹೊರಗೆ ನೆಲೆಸಿದ್ದಾಗ ಕೊಂಡ ಆಸ್ತಿಯನ್ನು ಇಟ್ಟುಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಅಡ್ಡಿಯಿಲ್ಲ.

ಎಚ್ಚರಿಕೆ: ಬಾಮೈದನಿಂದ ದೂರವಿಡಿ

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ವ್ಯಾಪಾರದ ಬಾಮೈದ ಇದ್ದರೆ, ಈ ಹಂತದಲ್ಲಿ ಆತ ಹೇಳುವ ಮಾತು: “ದುಡ್ಡು ಅಲ್ಲೇ ಬ್ಯಾಂಕಲ್ಲಿ ಐತಲ್ಲ ಭಾವ, ಇಲ್ಲಿಗೆ ಬಂದೇ ಇಲ್ಲ. ಇವ್ರಿಗ್ಯಾಕೆ ಕೊಡ್ಬೇಕು?” ಚಹಾ ಕೊಟ್ಟು ಕಳಿಸಿ. ದುಡ್ಡು ಬರಲಿ ಬಿಡಲಿ, ಗಳಿಸಿದ್ದಕ್ಕೆ ತೆರಿಗೆ. ಮುಚ್ಚಿಡುವ ಉಪಾಯವೂ ಹಳೆಯದಾಯಿತು: 2017ರಿಂದ ವಿದೇಶಿ ಬ್ಯಾಂಕುಗಳ ವಿವರ ಭಾರತಕ್ಕೆ ತಾನಾಗಿ ಬರುತ್ತಿದೆ. ಫ್ಲ್ಯಾಟು ಕಣ್ಣಿಗೆ ಬೀಳದಿರಬಹುದು, ಬಾಡಿಗೆ ಬೀಳುವ ಖಾತೆ ಬೀಳುತ್ತದೆ. ರಿಟರ್ನಿನಲ್ಲಿ ವಿದೇಶಿ ಆಸ್ತಿ ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. 20 ಲಕ್ಷದೊಳಗಿನ ಸಣ್ಣ ಸ್ವತ್ತುಗಳಿಗೆ 2024ರ ಅಕ್ಟೋಬರ್‌ನಿಂದ ವಿನಾಯಿತಿ ಬಂತು. ಅದರಲ್ಲೂ ಮನೆ-ಜಮೀನು ಸೇರಿಲ್ಲ.

ವರ್ಷ ಜೋಡಿಸುವುದು

ಉಪಕರಣದ ಅತಿ ಸೂಕ್ಷ್ಮ ಭಾಗ ಇದು. ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಹುಟ್ಟಿ ಮುಂದಿನ ಏಪ್ರಿಲ್ 5ಕ್ಕೆ ಸಾಯುತ್ತದೆ. 1752ರಲ್ಲಿ ಆ ದೇಶ ಪಂಚಾಂಗ ಬದಲಿಸಿ 11 ದಿನ ನುಂಗಿತು. ತೆರಿಗೆಯವರು ಮಾತ್ರ ತಮ್ಮ ದಿನ ಬಿಟ್ಟುಕೊಡಲಿಲ್ಲ, ಆ ಹಟ ಈಗಲೂ ನಡೆದಿದೆ. ನಮ್ಮ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಹಾಗಾದರೆ ಎರಡೇ ವರ್ಷ ಅಂದುಕೊಂಡಿರಾ? ನಮ್ಮದೇ ರಿಟರ್ನಿನ ಒಳಗೆ ವಿದೇಶಿ ಆಸ್ತಿಯ ‘ಶೆಡ್ಯೂಲ್ ಎಫ್‌ಎ’ ಅಂತ ಒಂದು ಹಾಳೆಯಿದೆ. ಅದು ಜನವರಿಯಿಂದ ಡಿಸೆಂಬರ್ ಲೆಕ್ಕ ಕೇಳುತ್ತದೆ. ಒಂದು ಮನೆ, ಮೂರು ವರ್ಷ. ಯುಗಾದಿಗೆ ಹೊಸ ಖಾತೆ ತೆರೆಯುವ ಮನೆತನವಾದರೆ ನಾಲ್ಕು.

ಇನ್ನು ಪೌಂಡಿನ ಬೆಲೆ. ಬಾಡಿಗೆ ಆದಾಯಕ್ಕೆ ಸ್ಟೇಟ್ ಬ್ಯಾಂಕಿನ ಮಾರ್ಚ್ 31ರ ಖರೀದಿ ದರ. ಅಲ್ಲಿ ಕಡಿತವಾದ ತೆರಿಗೆಗೆ, ಕಡಿತವಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ದರ. ಎಫ್‌ಎ ಹಾಳೆಯಲ್ಲಿ ಫ್ಲ್ಯಾಟಿಗೆ ಸುರಿದ ಹಣಕ್ಕೆ ಸುರಿದ ದಿನದ ದರ. ಚಳ್ಳಕೆರೆ ಮಂಡಿಯಲ್ಲಿ ಕಡಲೆಕಾಯಿಗೂ ಒಂದೇ ದಿನ ಇಷ್ಟು ದರ ಕೂಗುವುದಿಲ್ಲ.

ಚಾಲನೆ

ಬ್ರಿಟನ್ನಿನ ಏಜೆಂಟು ಅನಿವಾಸಿ ಮಾಲೀಕನ ಬಾಡಿಗೆಯಲ್ಲಿ ಖರ್ಚು ಕಳೆದು ಶೇ 20 ಹಿಡಿದುಕೊಳ್ಳುತ್ತಾನೆ. ಅಲ್ಲಿನ ರಿಟರ್ನಿಗೆ ಮುಂದಿನ ಜನವರಿ 31ರವರೆಗೆ ಸಮಯವಿದೆ. ನಮ್ಮದು ಜುಲೈ 31ಕ್ಕೇ ಮುಗಿಯುತ್ತದೆ. ಆದ್ದರಿಂದ ಅಲ್ಲಿನದನ್ನು ಬೇಗ ಮುಗಿಸಿ, ಕಟ್ಟಿದ ತೆರಿಗೆಯ ರಸೀದಿ ಕೈಗೆ ಬಂದ ಮೇಲೆ ಇಲ್ಲಿ ಕೂರಿ. ಐಟಿಆರ್-1 ಮುಟ್ಟಬೇಡಿ, ಐಟಿಆರ್-2 ತೆಗೆಯಿರಿ. ಬಾಡಿಗೆಯಲ್ಲಿ ಶೇ 30 ದುರಸ್ತಿಗೆಂದು ಲೆಕ್ಕ ಕೇಳದೆ ಬಿಡುತ್ತಾರೆ. ಸುಣ್ಣ ಹೊಡೆಸಿರಿ, ಹೊಡೆಸದಿರಿ. ಆದರೆ ಬಂದವರಿಗೆ ತಿಂಡಿ ಕೊಟ್ಟು, ದಿನಾ ಹಾಸಿಗೆ ಬದಲಿಸಿದರೆ ‘ಇದು ಬಾಡಿಗೆಯಲ್ಲ, ವ್ಯಾಪಾರ’ ಎಂಬ ತಕರಾರು ಏಳಬಹುದು. ಆಗ ಆ ಶೇ 30 ಹೋಯಿತು, ಬಿಲ್ಲುಗಳನ್ನು ಹುಡುಕಬೇಕು.

1993ರ ಭಾರತ-ಬ್ರಿಟನ್ ಒಪ್ಪಂದದ ದಯೆಯಿಂದ ಒಂದೇ ಬಾಡಿಗೆಗೆ ಎರಡು ಸಲ ಪೂರ್ತಿ ತೆರಿಗೆ ಬೀಳುವುದಿಲ್ಲ. ಅಲ್ಲಿ ಕಟ್ಟಿದ್ದನ್ನು ಇಲ್ಲಿ ವಜಾ ಮಾಡಿಸಲು ಫಾರಂ 67 ಸಲ್ಲಿಸಬೇಕು. ವಜಾಕ್ಕೂ ಮಿತಿಯಿದೆ. ಅಲ್ಲಿ ಒಂದೂವರೆ ಲಕ್ಷ ಕಟ್ಟಿ, ಅದೇ ಆದಾಯಕ್ಕೆ ಇಲ್ಲಿ 1.2 ಲಕ್ಷ ಬಂದರೆ, 1.2 ಲಕ್ಷ ಮಾತ್ರ ವಜಾ. ಉಳಿದ 30 ಸಾವಿರ ಬ್ರಿಟನ್ನಿನ ಖಜಾನೆಗೆ ನಿಮ್ಮ ಕಾಣಿಕೆ. ನನ್ನ ಕೇಳಿದರೆ ನಿಯಮ ಅನ್ಯಾಯದ್ದೇನಲ್ಲ. ಅನ್ಯಾಯ ಇರುವುದು ಅದನ್ನು ಬರೆದ ಭಾಷೆಯಲ್ಲಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ, ಕಲಮುಗಳ ಅಂಕಿಗಳೆಲ್ಲ ಬದಲಾಗಿವೆ. ಬಾಯಿಪಾಠ ಮಾಡಿದವರಿಗೆ ನನ್ನ ಸಂತಾಪ.

ನೋಟಿಸು ಬಂದರೆ

ಗಾಬರಿ ಬೇಡ. ಬೇಸರವಾದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ಬನ್ನಿ. 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನ ಅಲ್ಲಿದೆ. ಸುವರ್ಣಗಿರಿಯ ಮೇಲಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ವಿಷಯಕ್ಕೆ ಬರುವ ಮುಂಚೆ ಅವರ ಆರೋಗ್ಯ ವಿಚಾರಿಸುತ್ತದೆ. ಕೆತ್ತಿದ ಲಿಪಿಕಾರ ಚಪಡ ಕೊನೆಗೆ ತನ್ನ ಕಸುಬಿನ ಹೆಸರನ್ನು ಈ ಸೀಮೆಯಲ್ಲಿ ಯಾರಿಗೂ ಓದಲು ಬಾರದ ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ. ಆಡಿಟರುಗಳ ಸಹಿಯ ಮೂಲಪುರುಷ ಈತನೇ ಇರಬೇಕು. ಈಗಿನ ನೋಟಿಸು ಆರೋಗ್ಯ ವಿಚಾರಿಸುವುದಿಲ್ಲ, ನೇರ ಉತ್ತರಕ್ಕೆ ಗಡುವು ಕೊಡುತ್ತದೆ. ಏಜೆಂಟಿನ ಲೆಕ್ಕಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟು, ತೆರಿಗೆ ರಸೀದಿ ಒಂದು ಫೈಲಿನಲ್ಲಿದ್ದರೆ ಅರ್ಧ ಉತ್ತರ ಆದಂತೆಯೇ.

ಕೊನೆಯ ಗುಂಡಿ

ರಿಟರ್ನು ಸಲ್ಲಿಸಿ 30 ದಿನದೊಳಗೆ ಇ-ವೆರಿಫೈ ಮಾಡಿ. ಇಲ್ಲದಿದ್ದರೆ ಇಷ್ಟು ಹೊತ್ತೂ ಮಾಡಿದ್ದು ತಡವಾಗಿ ಸಲ್ಲಿಸಿದಂತೆ. ಓಟಿಪಿ ಆಧಾರ್‌ಗೆ ಜೋಡಿಸಿದ ಮೊಬೈಲಿಗೇ ಬರುತ್ತದೆ. ನೀವು ಇಂಗ್ಲೆಂಡಿನಲ್ಲಿದ್ದಾಗ ಅದಕ್ಕೆ ಬಾಮೈದನ ನಂಬರು ಕೊಟ್ಟಿದ್ದರೆ, ಮೊಳಕಾಲ್ಮೂರಿನ ಬಸ್ಸು ಹತ್ತಿ. ಈ ಸಲ ಚಹಾ ಅವರ ಮನೆಯದು, ಭಾಷಣವೂ ಅವರದೇ.