ಕಾರ್ಗಲ್ಲಿನ ವೂಫರಣ್ಣ

ಮಳೆಗಾಲದಲ್ಲಿ ಕಾರ್ಗಲ್ಲಿನ ಇಬ್ಬರು ಎದುರಾದರೆ ಮೊದಲ ಪ್ರಶ್ನೆ, "ಲಿಂಗನಮಕ್ಕಿಲಿ ಎಷ್ಟಡಿ ಆಯ್ತಂತೆ?" 1819 ಅಡಿ ಮುಟ್ಟಿದರೆ ಅಣೆಕಟ್ಟು ಭರ್ತಿ. ಗೇಟು ತೆಗೆದರೆ ಜೋಗ ತುಂಬುತ್ತದೆ, ಜೋಗ ತುಂಬಿದರೆ ಮನೆ ಮನೆಗೂ ನೆಂಟರು ತುಂಬುತ್ತಾರೆ. ಆದರೆ ದೀಪಾವಳಿ ಕಳೆದ ಮೇಲೆ ಈ ಪ್ರಶ್ನೆಗೆ ಅಷ್ಟು ಬೆಲೆಯಿಲ್ಲ. ಹನ್ನೆರಡು ತಿಂಗಳೂ ಚಲಾವಣೆಯಲ್ಲಿರುವ ಪ್ರಶ್ನೆ ಇನ್ನೊಂದಿದೆ: "ವೂಫರಣ್ಣಂಗೆ ಹೊಸ ಸ್ಪೀಕರ್ ಬಂತಾ?"

ಕ್ಷೌರದಂಗಡಿಯವನು ಕತ್ತರಿ ತಡೆದು ಕೇಳುತ್ತಾನೆ. ಟೈಲರ್ ಹಲ್ಲಲ್ಲಿ ದಾರ ಕಚ್ಚಿಕೊಂಡೇ ಕೇಳುತ್ತಾನೆ. ಭಜನಾ ಮಂಡಳಿಯವರು ಮಂಗಳಾರತಿ ಮುಗಿಸಿ ಕೇಳುತ್ತಾರೆ. ಹೊರಗಿನಿಂದ ಬಂದವರಿಗೆ ಇದು ಸಂಗೀತದ ಹುಚ್ಚು ಹಿಡಿದ ಊರು ಅನ್ನಿಸಬಹುದು. ಕಾರಣ ಬೇರೆಯೇ ಇದೆ, ಮುಂದೆ ಹೇಳುತ್ತೇನೆ.

ವೂಫರಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಊರು ಕೊಟ್ಟ ಬಿರುದು. ಈ ತಳಿಯವರು ಸಾಗರದಲ್ಲೂ ಸಿಗುತ್ತಾರೆ, ಹೊಸನಗರ, ತೀರ್ಥಹಳ್ಳಿಗಳಲ್ಲೂ ಸಿಗುತ್ತಾರೆ. ವಯಸ್ಸು ಐವತ್ತರ ಆಚೀಚೆ, ಚೂರು ಪಾರು ಅಡಿಕೆ ತೋಟ, ಬೆಂಗಳೂರಲ್ಲಿ ಕೆಲಸದಲ್ಲಿರುವ ಮಗ, ಜಗಲಿಯ ಪಕ್ಕ ಒಂದು ಕೋಣೆ. ಕೋಣೆಯಲ್ಲಿ ಕುರ್ಚಿ ಒಂದೇ. ನೆಲದ ಮೇಲೆ ಸೀಮೆಸುಣ್ಣದ ಮೂರು ಗುರುತು: ಎರಡು ಸ್ಪೀಕರಿಗೆ, ಒಂದು ಕುರ್ಚಿಗೆ, ಮೂರಕ್ಕೂ ನಡುವೆ ಸಮ ಅಂತರ. ನೆಲ ಒರೆಸುವಾಗ ಆ ಗುರುತು ಅಳಿಸಿದರೆ ಅವತ್ತು ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ನೆಂಟರು ಬಂದು ಆ ಕುರ್ಚಿಯಲ್ಲಿ ಕೂತರೆ ವೂಫರಣ್ಣ ಬಾಯಿಬಿಟ್ಟು ಏಳಿ ಅನ್ನುವವರಲ್ಲ. ಎದುರಿಗೆ ನಿಂತು ನಿಟ್ಟುಸಿರು ಬಿಡುತ್ತಾರೆ, ನೆಂಟರೇ ಎದ್ದು ಜಗಲಿಗೆ ಹೋಗುತ್ತಾರೆ.

ಇವರ ನಿಜವಾದ ಕಸುಬು ಕೇಳುವುದಲ್ಲ, ಕಾಯುವುದು. ಅದಕ್ಕೂ ಒಂದು ಕ್ರಮ ಇದೆ. ಮೊದಲು ಗಾಳಿಸುದ್ದಿ: ಇಂಗ್ಲೆಂಡಿನದೋ ಅಮೆರಿಕದ್ದೋ ಒಂದು ಕಂಪನಿ ಹೊಸ ಸರಣಿ ಬಿಡುತ್ತದಂತೆ. ಆಮೇಲೆ ಒಂದು ಮಬ್ಬು ಫೋಟೊ. ಎಷ್ಟೋ ವರ್ಷ ಮೇ ತಿಂಗಳಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ಹೈ ಎಂಡ್ ಎಂಬ ದೊಡ್ಡ ಆಡಿಯೋ ಮೇಳ ನಡೆಯುತ್ತಿತ್ತು, ಫೋಟೊ ಬರುತ್ತಿದ್ದದ್ದು ಅಲ್ಲಿಂದ. ನಮ್ಮಲ್ಲಿ ಹಲಸಿನ ಹಪ್ಪಳ ಒತ್ತುವ ಕಾಲ ಅದು. ಅವರ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಹಪ್ಪಳದ ಹಿಟ್ಟು ಕುಟ್ಟಿಕೊಡಿ ಎಂದು ಕೂಗಿದರೆ, ವೂಫರಣ್ಣ ಮೊಬೈಲಿನಲ್ಲಿ ಆ ಫೋಟೊ ದೊಡ್ಡದು ಮಾಡಿ ಸ್ಪೀಕರಿನ ಬೆನ್ನು ಹುಡುಕುತ್ತಿರುತ್ತಾರೆ. ಗಾಳಿ ಬಿಡುವ ತೂತು ಮುಂದಿದೆಯೋ ಹಿಂದಿದೆಯೋ ಎಂದು ತಿಳಿಯುವವರೆಗೆ ಊಟ ಸೇರುವುದಿಲ್ಲ. ತೂತು ಹಿಂದಿದ್ದರೆ ಗೋಡೆಯಿಂದ ದೂರ ಇಡಬೇಕು, ಗೋಡೆಯಿಂದ ದೂರ ಇಟ್ಟರೆ ಬಾಗಿಲು ತೆಗೆಯಲು ಬರುವುದಿಲ್ಲ. ಒಂದು ವರ್ಷ ಬಾಗಿಲನ್ನೇ ಕೀಳಿಸಿದರು.

ಮೂರನೆಯ ಹಂತ ಅಂಕಿಅಂಶದ್ದು. ಎಷ್ಟು ಹರ್ಟ್ಜ್‌ನಿಂದ ಎಷ್ಟರವರೆಗೆ, ಎಷ್ಟು ಓಮ್, ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್. ಆ ಹಾಳೆಯನ್ನು ಸಾಗರದಲ್ಲಿ ಪ್ರಿಂಟ್ ಹಾಕಿಸಿ ತಂದು, ಹಳೆಯದರ ಪಕ್ಕ ಇಟ್ಟು ಜಾತಕ ಕೂಡಿಸಿದ ಹಾಗೆ ಕೂಡಿಸುತ್ತಾರೆ. ನಾಲ್ಕನೆಯದು ಬೆಲೆ. ಡಾಲರನ್ನು ರೂಪಾಯಿಗೆ ಲೆಕ್ಕ ಹಾಕುವವರು ಬೇರೆಯವರು. ವೂಫರಣ್ಣ ಸೀದಾ ಅಡಿಕೆಗೆ ಹಾಕುತ್ತಾರೆ. ಚಿಕ್ಕ ಬುಕ್‌ಶೆಲ್ಫ್ ಜೋಡಿ ಅಂದರೆ ಇಷ್ಟು ಗೊರಬಲು, ಎತ್ತರದ ಟವರ್ ಜೋಡಿ ಅಂದರೆ ಇಷ್ಟು ರಾಶಿ. ಮಂಡಿಯಲ್ಲಿ ರಾಶಿ ದರ ಏರಿದ ದಿನ ಅವರ ವೂಫರ್ ಆರೂವರೆ ಇಂಚಿನಿಂದ ಎಂಟಿಂಚಿಗೆ ಬೆಳೆಯುತ್ತದೆ. ತೋಟಕ್ಕೆ ಕೊಳೆ ಬಿದ್ದ ವರ್ಷ ಟವರ್ ಹೋಗಿ ಬುಕ್‌ಶೆಲ್ಫ್ ಆಗುತ್ತದೆ. ಬೋರ್ಡೋ ಔಷಧಿಯನ್ನು ಈ ಊರಲ್ಲಿ ಅವರಷ್ಟು ನಿಷ್ಠೆಯಿಂದ ಹೊಡೆಸುವವರಿಲ್ಲ.

ವೂಫರಣ್ಣನಿಗೆ ವಿಷಯ ಗೊತ್ತಿಲ್ಲ ಎಂದು ಮಾತ್ರ ತಿಳಿಯಬೇಡಿ. 1990ರ ದಶಕದಲ್ಲಿ ಟೇಪ್‌ರೆಕಾರ್ಡರಿನ ಮೈಮೇಲೆ "2000 ವಾಟ್ ಪಿಎಂಪಿಒ" ಎಂದು ಬರೆದು ಮಾರುತ್ತಿದ್ದರಲ್ಲ, ಆಗ ಊರೆಲ್ಲ ಬಾಯಿಬಿಟ್ಟು ನೋಡಿತ್ತು. ಲೆಕ್ಕ ಹಾಕಿದವರು ಇವರೊಬ್ಬರೇ. "ಶರಾವತಿ ಪವರ್‌ಹೌಸಲ್ಲಿ 10 ಯೂನಿಟ್ಟೂ ಸೇರಿ 1035 ಮೆಗಾವಾಟು. ಈ ಟೇಪು ಹೇಳೋದು ಸತ್ಯ ಆಗಿದ್ರೆ, ಐದು ಲಕ್ಷ ಮನೆಯವ್ರು ಒಟ್ಟಿಗೆ ಹಚ್ಚಿದ್ರೆ ಶರಾವತಿ ಮುಗೀತು ಮಾರಾಯ!" ಅಂದಿದ್ದರು. ಪಿಎಂಪಿಒ ಎಂಬುದು ಕಣ್ಣು ಮಿಟುಕಿಸುವ ಹೊತ್ತೂ ನಿಲ್ಲದ ಕಾಗದದ ಮೇಲಿನ ಶಕ್ತಿ, ನಂಬಬೇಕಾದದ್ದು ಆರ್‌ಎಂಎಸ್ ಎಂದು ಊರಿಗೆ ಕಲಿಸಿದವರು ಅವರೇ. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೇ 3 ಡೆಸಿಬಲ್, ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು, ಇದನ್ನೂ ಹೇಳಿಕೊಡುತ್ತಾರೆ. ಹೇಳಿಕೊಟ್ಟು, 50 ವಾಟಿನದನ್ನು ಮಾರಿ 100 ವಾಟಿನದಕ್ಕೆ ಮುಂಗಡ ಕಳಿಸುತ್ತಾರೆ.

ಒಮ್ಮೆ ಅವರ ಮಗನೇ ಕೆಣಕಿದ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿನ ರೈಸ್, ಕೆಲ್ಲಾಗ್ ಎಂಬ ಇಬ್ಬರು ತೋರಿಸಿಕೊಟ್ಟ ಸ್ಪೀಕರಿನಲ್ಲೂ ತಂತಿ ಸುರುಳಿ, ಅಯಸ್ಕಾಂತ, ಕಾಗದದ ಶಂಕು ಇದ್ದವು. ನೂರು ವರ್ಷ ಕಳೆದರೂ ಮೂಲ ಅದೇ, ಹೊಸ ಸರಣಿಯಲ್ಲಿ ಹೊಸದು ಎಂತ ಇರ್ತದೆ ಅಪ್ಪಯ್ಯ ಎಂದ. ವೂಫರಣ್ಣ ಮಗನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಶಂಕು ಅದೇ ಮಾರಾಯ, ಅಂಚು ಬೇರೆ" ಎಂದರು. ಆ ಮಾತಲ್ಲಿ ಮಲೆನಾಡಿನ ಅನುಭವ ಇತ್ತು. ಇಲ್ಲಿ ಸ್ಪೀಕರ್ ಹಾಳಾಗುವುದು ಹಾಡಿನಿಂದಲ್ಲ, ಬೂಷ್ಟಿನಿಂದ. ಶಂಕುವಿನ ಸುತ್ತ ಸ್ಪಂಜಿನ ಅಂಚಿದ್ದರೆ ಕೆಲವು ಮಳೆಗಾಲಕ್ಕೆ ಪುಡಿಪುಡಿ. ರಬ್ಬರ್ ಅಂಚು ತಡೆದುಕೊಳ್ಳುತ್ತದೆ. ಜೂನ್ ಬಂತೆಂದರೆ ಅವರು ಆಂಪ್ಲಿಫೈಯರ್ ಇಟ್ಟ ಕಪಾಟಿನಲ್ಲಿ ಹಗಲು ರಾತ್ರಿ ಒಂದು ಹಳೇ ಬಲ್ಬು ಉರಿಸುತ್ತಾರೆ. ಅತ್ತಿಗೆ ಅದರಲ್ಲೇ ಒಂದು ಮೂಲೆಯಲ್ಲಿ ಮೆಣಸಿನಕಾಯಿ, ಬೆಂಕಿಪೆಟ್ಟಿಗೆ ಇಟ್ಟುಕೊಂಡಿದ್ದಾರೆ. ಆ ಆಂಪ್ಲಿಫೈಯರಿನಿಂದ ಮನೆಗೆ ಖಚಿತವಾಗಿ ಸಿಕ್ಕ ಲಾಭ ಅದೊಂದೇ ಎಂದು ಅವರು ಬಹಿರಂಗವಾಗಿಯೇ ಹೇಳುತ್ತಾರೆ.

ವಿಜ್ಞಾನ ಇಷ್ಟು ಗಟ್ಟಿ ಇದ್ದವರಿಗೆ ಒಂದು ಮೂಢನಂಬಿಕೆಯೂ ಇರಬೇಕಲ್ಲ? ವೂಫರಣ್ಣನದು ಕರೆಂಟಿನ ಬಗ್ಗೆ. ಕಾರ್ಗಲ್ಲಿನಲ್ಲಿ ಸ್ಪೀಕರ್ ಕೇಳಿದಷ್ಟು ಚಂದ ಬೆಂಗಳೂರಲ್ಲಿ ಕೇಳುವುದಿಲ್ಲ, ಯಾಕೆಂದರೆ ಇಲ್ಲಿಯದು ಟರ್ಬೈನಿನಿಂದ ಆಗಷ್ಟೇ ಇಳಿದ ಬಿಸಿಬಿಸಿ ಕರೆಂಟು, ಅಲ್ಲಿಗೆ ಹೋಗುವಷ್ಟರಲ್ಲಿ ಹಳಸಿರುತ್ತದೆ! ಅದೂ ಅಲ್ಲದೆ ನೀರಿನ ಕರೆಂಟಿನಲ್ಲಿ ಪಿಟೀಲು ನಯ, ಕಲ್ಲಿದ್ದಲಿನ ಕರೆಂಟಿನಲ್ಲಿ ಒರಟು. ಪವರ್‌ಹೌಸ್ ಕಾಲನಿಯ ನಿವೃತ್ತ ಎಂಜಿನಿಯರೊಬ್ಬರು, ಗ್ರಿಡ್ಡಿಗೆ ಸೇರಿದ ಮೇಲೆ ಶರಾವತಿಯದೂ ರಾಯಚೂರಿನದೂ ಒಂದೇ, ಎಲ್ಲ 50 ಹರ್ಟ್ಜ್ ಎಂದು ಕಾಗದದ ಮೇಲೆ ಚಿತ್ರ ಬಿಡಿಸಿ ತೋರಿಸಿದರು. ವೂಫರಣ್ಣ ವಿನಯದಿಂದ ಕೇಳಿಸಿಕೊಂಡು, "ಸರ್, ನೀವು ಕರೆಂಟು ಮಾಡಿದವ್ರು, ನಾನು ಕೇಳಿದವ್ನು" ಎಂದುಬಿಟ್ಟರು. ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರಲ್ಲೇ ಅಮೆರಿಕದಲ್ಲಿ ಅಮರ್ ಬೋಸ್ ತಮ್ಮ ಸ್ಪೀಕರ್ ಕಂಪನಿ ಶುರುಮಾಡಿದ್ದು ಬರೀ ಕಾಕತಾಳೀಯ ಎಂದು ಒಪ್ಪಿಕೊಳ್ಳಲೂ ಅವರು ತಯಾರಿಲ್ಲ. ಇಷ್ಟಾಗಿಯೂ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ನಾಡಿಗೆಲ್ಲ ಬೆಳಕು ಕೊಡುವ ಊರಲ್ಲಿ ಮೂರು ದಿನ ಮೇಣದಬತ್ತಿ. ಆಗ ವೂಫರಣ್ಣ ಕತ್ತಲಲ್ಲಿ ತಮ್ಮ ಕುರ್ಚಿಯಲ್ಲೇ ಕೂತು, ಕಾಗದದ ಮೇಲಿನ ಅಂಕಿಗಳನ್ನು ಬಾಯಿಪಾಠದಿಂದ ಕೇಳುತ್ತಾರೆ.

ಕೊನೆಗೂ ಒಂದು ದಿನ ಸ್ಪೀಕರ್ ಬರುತ್ತದೆ. ಪೆಟ್ಟಿಗೆಯನ್ನು ಬ್ಲೇಡಿನಿಂದ ಕೊಯ್ಯುವುದು ನಿಷಿದ್ಧ. ಟೇಪನ್ನು ಬಿಸಿನೀರಿನ ಬಟ್ಟೆ ಒತ್ತಿ ಬಿಡಿಸಬೇಕು. ಥರ್ಮಾಕೋಲ್, ಪ್ಲಾಸ್ಟಿಕ್ ಚೀಲ, ಸ್ಕ್ರೂ ಕಟ್ಟು ಎಲ್ಲ ಅಟ್ಟಕ್ಕೆ ಹೋಗುತ್ತವೆ. ಆಮೇಲೆ ಹಾಡು ಹಾಕುತ್ತಾರೆ ಅಂದುಕೊಂಡರೆ, ಇಲ್ಲ. ಹೊಸ ಸ್ಪೀಕರನ್ನು ನೂರು ತಾಸು ಪಳಗಿಸಬೇಕಂತೆ. ಅದಕ್ಕೆ ಪಿಂಕ್ ನಾಯ್ಸ್ ಎಂಬ ಒಂದು ಸದ್ದು ಇದೆ, ಒಂದೇ ಸಮನೆ ಸುರಿಯುತ್ತದೆ. ಕಳೆದ ಬಾರಿ ಜೋಡಿ ಬಂದದ್ದು ಮೇ ತಿಂಗಳಲ್ಲಿ. ಅತ್ತಿಗೆ ತಾರಸಿಯ ಮೇಲೆ ಹಪ್ಪಳ ಹರವಿ, ಒಳಗೆ ಬಂದು ಕಣ್ಣು ಮುಚ್ಚಿದ್ದರು. ಕಿವಿಗೆ ಮಳೆ ಬಿತ್ತು. ಎದ್ದವರೇ ಮಕ್ಕಳು, ಪಕ್ಕದ ಮನೆಯವರು ಎಲ್ಲರನ್ನೂ ಕೂಗಿಕೊಂಡು ತಾರಸಿಗೆ ಓಡಿ ಚಾಪೆ ಸಮೇತ ಹಪ್ಪಳ ಒಳಗೆ ಹಾಕಿದರು. ಮೇಲೆ ನೋಡಿದರೆ ಕೆಂಡದಂಥ ಬಿಸಿಲು. ಕೋಣೆಯಿಂದ ಹೊರಬಂದ ವೂಫರಣ್ಣನ ಮುಖದಲ್ಲಿ ಮಾತ್ರ ಧನ್ಯತೆ. "ನೋಡು, ಎಷ್ಟು ಸಹಜ!" ಎಂದರು. ಅತ್ತಿಗೆ ಅದೇ ಸಹಜತೆಯಲ್ಲಿ ಉತ್ತರ ಕೊಟ್ಟದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಪಳಗಿದ ಮೇಲೆ ಪರೀಕ್ಷೆ. ಪರದೇಶದವರು ಪಿಯಾನೋ ಹಾಕಿ ಪರೀಕ್ಷೆ ಮಾಡುತ್ತಾರೆ. ವೂಫರಣ್ಣನಿಗೆ ಯಕ್ಷಗಾನವೇ ಆಗಬೇಕು. ಚಂಡೆಯ ಪೆಟ್ಟು ಎಷ್ಟು ಚುರುಕಾಗಿ ಎದ್ದು ಅಡಗುತ್ತದೆ, ಮದ್ದಲೆಯ ಗುಂಕಿ ಎಲ್ಲಿಯವರೆಗೆ ನಿಲ್ಲುತ್ತದೆ, ಭಾಗವತರ ಜಾಗಟೆ ಟ್ವೀಟರಿನಲ್ಲಿ ಸೀಳುತ್ತದೋ ಇಲ್ಲವೋ, ಇದಕ್ಕಿಂತ ಕಠಿಣ ಪರೀಕ್ಷೆ ಜಗತ್ತಿನಲ್ಲಿಲ್ಲ ಎನ್ನುತ್ತಾರೆ. ಅದು ನಿಜವೂ ಹೌದು. 1990ರಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಪದ ಇರುವ ಒಂದು ಹಳೇ ಕ್ಯಾಸೆಟ್ ಅವರ ಹತ್ತಿರ ಇದೆ, ಯಾರೋ ಬಯಲಾಟದಲ್ಲಿ ಕೂತು ತುಂಬಿಕೊಂಡದ್ದು. ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿ ಅದನ್ನು ಹಚ್ಚಿದರು. ನಾವಡರ ಕಂಠ ಏರುತ್ತ ಹೋಗಿ ನನಗೆ ಮೈ ಜುಂ ಅನ್ನುವ ಹೊತ್ತಿಗೆ ವೂಫರಣ್ಣ ಭುಜ ಹಿಡಿದು, "ಈಗ... ಈಗ... ಕೇಳ್ತಾ? ಎಡಗಡೆ ಮೂರನೇ ಸಾಲಲ್ಲಿ ಒಬ್ರು ಕೆಮ್ಮಿದ್ರು!" ಎಂದರು. ಹಳೇ ಜೋಡಿಯಲ್ಲಿ ಆ ಕೆಮ್ಮು ಎರಡನೇ ಸಾಲಿನಿಂದ ಬರುತ್ತಿತ್ತಂತೆ. ತುಂಬಿಕೊಂಡ ಟೇಪು ಮಾನೋ, ಅದರಲ್ಲಿ ಎಡ ಬಲ ಇರುವುದಿಲ್ಲ ಎಂದು ಬಾಗಿಲಲ್ಲಿ ನಿಂತ ಮಗ ಹೇಳಿದ. ಯಾರೂ ಅವನನ್ನು ಮಾತಾಡಿಸಲಿಲ್ಲ.

ಆ ಸಂತೋಷ ಒಂದು ತಿಂಗಳು ಬಾಳಿದರೆ ಹೆಚ್ಚು. ಮೊದಲು ಕೋಣೆಯ ಮೇಲೆ ಅನುಮಾನ ಬರುತ್ತದೆ, ಪರದೆ ಬದಲಾಗುತ್ತದೆ. ಆಮೇಲೆ ತಂತಿಯ ಮೇಲೆ. ತಾಳಗುಪ್ಪದಿಂದ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ದಪ್ಪ ತಂತಿ ತರುತ್ತಾರೆ. ಆಮೇಲೆ ಜೂನ್ ಬಂದು ಹೆಂಚಿನ ಮೇಲೆ ಮಳೆ ಬಡಿಯತೊಡಗಿದರೆ ನಾಲ್ಕು ತಿಂಗಳು ಮೂರನೇ ಸಾಲಿನವನು ಎಷ್ಟು ಕೆಮ್ಮಿದರೂ ಕೇಳಿಸುವುದಿಲ್ಲ. ಆಗ ಬಾಯಿಂದ ಬರುತ್ತದೆ: "ಈ ಸರಣೀಲಿ ಮಧ್ಯದ ಸ್ವರ ಒಂಚೂರು ಹಿಂದೆ ಬಿತ್ತು. ಮುಂದಿನದ್ರಲ್ಲಿ ಸರಿ ಮಾಡ್ತಾರಂತೆ."

ಈ ಮಾತಿಗೇ ಊರು ಕಾದಿರುತ್ತದೆ. ಈಗ ಮೊದಲು ಹೇಳಿದ ಕಾರಣ ಹೇಳುತ್ತೇನೆ. ಹೊಸ ಜೋಡಿ ಬಂದರೆ ಹಳೆ ಜೋಡಿ ಹೊರಗೆ ಹೋಗಬೇಕು, ಕೋಣೆ ಇರುವುದು ಅಷ್ಟೇ. ಕ್ಷೌರದಂಗಡಿಯಲ್ಲಿ ಗೋಡೆಗೆ ತೂಗುವುದು ವೂಫರಣ್ಣ ಕೈಬಿಟ್ಟ ಬುಕ್‌ಶೆಲ್ಫ್. ಭಜನಾ ಮಂಡಳಿಯ ಆಂಪ್ಲಿಫೈಯರ್ ಅವರದೇ, ಕಪಾಟಿನ ಮೆಣಸಿನಕಾಯಿ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ಟೈಲರ್ ಅಂಗಡಿಯ ಟವರಿನ ಮೇಲೆ ಬಟ್ಟೆಯ ಗಂಟು ಇರುತ್ತದೆ, ಒಳಗಿನಿಂದ ರಾಜಕುಮಾರ್ ಹಾಡು ಜೇನಿನ ಹಾಗೆ ಬರುತ್ತದೆ. ಜೋಗದ ರಸ್ತೆಯ ಹೋಟೆಲಿನವನು ಮುಂದಿನ ಜೋಡಿಗೆ ಮೊದಲೇ ಹೇಳಿಟ್ಟಿದ್ದಾನೆ. ಅವನ ಹಿಂದೆ ಯಕ್ಷಗಾನ ಕಲಿಸುವ ಮೇಷ್ಟ್ರು, ಮೇಷ್ಟ್ರ ಹಿಂದೆ ನಾನು. ಎಲ್ಲರಿಗೂ ಅರ್ಧ ಬೆಲೆಗಿಂತ ಕಡಿಮೆಗೇ ಕೊಟ್ಟಿದ್ದಾರೆ. ಮಾರುವಾಗ ಚೌಕಾಸಿ ಮಾಡುವ ಮನಸ್ಸೂ ಅವರಿಗಿಲ್ಲ, ಅದೆಲ್ಲ ಕೊಳ್ಳುವಾಗಲೇ ಖರ್ಚಾಗಿರುತ್ತದೆ. ಗಣಪತಿ ಪೆಂಡಾಲಿನಲ್ಲಿ ಮೈಕು ಕಿರುಚಿದರೆ ಹೋಗಿ ಸರಿ ಮಾಡಿಕೊಡುವವರೂ ಅವರೇ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ 2000ನೇ ಇಸವಿಯ ನಿಯಮ ನೆನಪಿಸಿ ಬೈಸಿಕೊಳ್ಳುವವರೂ ಅವರೇ. ತಮ್ಮ ಮನೆಯಲ್ಲಿ ಅವರು ಹಾಕುವ ಸದ್ದು ಅಂಗಳದ ಆಚೆ ಹೋದದ್ದಿಲ್ಲ.

ಅವರ ಅತೃಪ್ತಿಯಿಂದ ಒಂದು ಊರೇ ತೃಪ್ತಿಯಾಗಿ ಹಾಡು ಕೇಳುತ್ತಿದೆ. ನಿಮ್ಮ ಊರಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸ್ಪೀಕರ್ ಬೇಕಿದ್ದರೆ ಅಂಗಡಿಗೆ ಹೋಗಬೇಡಿ, ಅವರ ಮನೆಗೆ ಹೋಗಿ ಕಾಫಿ ಕುಡಿದು ಪಾಳಿಗೆ ಹೆಸರು ಹೇಳಿ ಬನ್ನಿ. ಮಾಲು ಹೊಸದರಂತೆ ಇರುತ್ತದೆ, ಪೆಟ್ಟಿಗೆ, ಥರ್ಮಾಕೋಲು, ಸ್ಕ್ರೂ ಕಟ್ಟು ಸಮೇತ ಸಿಗುತ್ತದೆ, ನೂರು ತಾಸು ಪಳಗಿಯೂ ಇರುತ್ತದೆ. ಒಂದೇ ಎಚ್ಚರಿಕೆ: ಮನೆಗೆ ತಂದು ಜೋಡಿಸಿದ ಮೇಲೆ ಅಪ್ಪಿತಪ್ಪಿಯೂ ಅವರನ್ನು ಕೇಳಲು ಕರೆಯಬೇಡಿ. ಐದು ನಿಮಿಷ ಕಣ್ಣು ಮುಚ್ಚಿ ಕೇಳಿ, ಹಳೆಯದೇ ಚೆನ್ನಾಗಿತ್ತು ಎಂದು ವಾಪಸು ಕೇಳಿಬಿಡುತ್ತಾರೆ.