ಹೆದರಲೇಬೇಕಂತೆ!

ಸಿನಿಮಾದವರಿಗೆ ದೆವ್ವದ ಭಯವಿಲ್ಲ. ಅವರಿಗಿರುವುದು ಖಾಲಿ ಕುರ್ಚಿಯ ಭಯ. ಅದಕ್ಕೇ ಒಂದು ದೆವ್ವ ನಾಲ್ಕು ಕಾಸು ದುಡಿದುಕೊಟ್ಟರೆ ಸಾಕು, ಅದಕ್ಕೆ ಮುಕ್ತಿಯೇ ಇಲ್ಲ. ಹೆಸರಿನ ಪಕ್ಕ 2 ಎಂದು ಅಂಟಿಸಿ ಮತ್ತೆ ಕೂಲಿಗೆ ಕಳಿಸುತ್ತಾರೆ.

2003ರಲ್ಲಿ ರಾಮ್ ಗೋಪಾಲ್ ವರ್ಮಾ ಅವರ ಕಡೆಯಿಂದ ‘ಡರ್ನಾ ಮನಾ ಹೈ’ ಬಂತು. ನಿರ್ದೇಶಕ ಪ್ರವಾಲ್ ರಾಮನ್. ಕಾಡುದಾರಿಯಲ್ಲಿ ಕಾರು ಕೆಟ್ಟು ನಿಲ್ಲುತ್ತದೆ. ಗೆಳೆಯರು ಬೆಂಕಿ ಹಾಕಿಕೊಂಡು ಕೂತು ಒಂದೊಂದೇ ಕಥೆ ಬಿಚ್ಚುತ್ತಾರೆ. ಒಟ್ಟು ಆರು. ಸಿಗರೇಟು ಬಿಡಿಸಲು ಹೊರಟ ಹುಚ್ಚು ಹೋಟೆಲಿನವನೊಬ್ಬ. ಸೇಬು ತಿಂದವರೆಲ್ಲ ಸೇಬಾಗಿಬಿಡುವ ಇನ್ನೊಂದು ಕಥೆ. ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಆದರೆ ಕೆಟ್ಟದ್ದು ಬೇಗ ಮುಗಿಯುತ್ತಿತ್ತು. ಬಿಡಿ ಕಥೆಗಳನ್ನು ಪೋಣಿಸಿದ ಚಿತ್ರದ ದೊಡ್ಡ ಪುಣ್ಯವೇ ಅದು. ಮೂರು ತಾಸು ಎಳೆಯಲಾಗದ ವಿಚಿತ್ರವನ್ನು ಅಲ್ಲಿ ಕಾಲು ತಾಸು ಆಡಿಸಿ ನೋಡಬಹುದು.

2006ರಲ್ಲಿ ಎರಡನೆಯದು ಬಂತು. ಹೆಸರು ‘ಡರ್ನಾ ಜರೂರಿ ಹೈ’. ಮೂರು ವರ್ಷದ ಹಿಂದೆ ಹೆದರಬಾರದು ಎಂದವರೇ ಈಗ ಹೆದರಲೇಬೇಕು ಎಂದರು. ಒಂದೇ ಕಚೇರಿಯ ಎರಡು ಸುತ್ತೋಲೆ.

ಈ ಸಲ ಒಬ್ಬ ನಿರ್ದೇಶಕನ ಜಾಗದಲ್ಲಿ ಒಂದು ಹಿಂಡು ನಿರ್ದೇಶಕರು. ತೆರೆಯ ಮೇಲೆ ಅಮಿತಾಭ್ ಬಚ್ಚನ್, ಅನಿಲ್ ಕಪೂರ್, ಸುನೀಲ್ ಶೆಟ್ಟಿ, ಬಿಪಾಶಾ ಬಸು. ಪೋಸ್ಟರ್ ತುಂಬಿತು. ಕಥೆ ತುಂಬಲಿಲ್ಲ. ಮೊದಲನೆಯದರಲ್ಲಿ ದಾರಿ ತಪ್ಪಿದವರು ಹರೆಯದವರು, ಎರಡನೆಯದರಲ್ಲಿ ಮಕ್ಕಳು. ಅಲ್ಲಿ ಬೆಂಕಿ, ಇಲ್ಲಿ ಹಳೇ ಮನೆಯ ಮುದುಕಿ. ಇದಕ್ಕೆ ಹೊಸತನ ಅಂತ ಹೆಸರು.

ಅದರಲ್ಲೇ ಇನ್ನೂ ಒಂದು ಕಥೆ ಇದೆ. ಒಬ್ಬಾತ ನಡುರಾತ್ರಿ ಸ್ಮಶಾನ ದಾಟಿ ಸಿನಿಮಾಕ್ಕೆ ಹೋಗುತ್ತಾನೆ. ಯಾವ ಸಿನಿಮಾ? ‘ಡರ್ನಾ ಮನಾ ಹೈ’! ದುಡ್ಡು ಕೊಟ್ಟು ಒಳಗೆ ಬಂದವನಿಗೆ ಹಳೇ ಸರಕಿನ ಜಾಹೀರಾತು.

ಹೆದರಿಸುವವರ ಒಳಗಿನ ಪುಕ್ಕಲುತನ ಇಲ್ಲಿಯೇ ಕಾಣುವುದು. ಕತ್ತಲೆಗೆ ಅಂಜಬೇಡಿ ಎಂದು ನಮಗೆ ಹೇಳುವವರು ಹೊಸ ಕಥೆಗೆ ಮಾತ್ರ ಅಂಜುತ್ತಾರೆ. ಮರುವರ್ಷ ವರ್ಮಾ ‘ಶೋಲೆ’ಯನ್ನೇ ಮತ್ತೆ ತೆಗೆದು ‘ಆಗ್’ ಮಾಡಿದರು. ಅದರ ಕಾಪಿರೈಟ್ ಜಗಳದಲ್ಲಿ 2015ರಲ್ಲಿ ದೆಹಲಿ ಹೈಕೋರ್ಟ್ 10 ಲಕ್ಷ ದಂಡ ಹಾಕಿತು. (‘ಶೋಲೆ’ಯ ಬಂಡೆ ಇರುವುದು ಬೆಂಗಳೂರಿನ ಪಕ್ಕದ ರಾಮನಗರದಲ್ಲಿ. ನಾನಿರುವುದು ಜೋಯಿಡಾ ತಾಲೂಕಿನ ರಾಮನಗರದಲ್ಲಿ. ನಮ್ಮಲ್ಲಿ ಗಬ್ಬರ್ ಇಲ್ಲ. ಅಗತ್ಯವೂ ಬಿದ್ದಿಲ್ಲ.)

ಆಮೇಲೆ ‘ಫೂಂಕ್’. ನಮ್ಮ ಸುದೀಪ್ ನಾಯಕ. ಥಿಯೇಟರಿನಲ್ಲಿ ಒಬ್ಬನೇ ಕೂತು ಪೂರ್ತಿ ನೋಡಿದವನಿಗೆ 5 ಲಕ್ಷ ಕೊಡುತ್ತೇವೆಂದು 2008ರಲ್ಲಿ ಡಂಗುರ ಹೊಡೆದರು. 2010ಕ್ಕೆ ‘ಫೂಂಕ್ 2’. ಈ ಸಲ ಒಬ್ಬನೇ ಕೂರಲು ಬಹುಮಾನದ ಆಸೆ ಬೇಕಿರಲಿಲ್ಲ. ಪಕ್ಕದ ಸೀಟು ತಾನಾಗಿಯೇ ಖಾಲಿ ಇತ್ತು.

ಕನ್ನಡದವರು ಮೀಸೆ ತಿರುವಬೇಡಿ. ಪುಟ್ಟಣ್ಣ ಕಣಗಾಲ್ 1976ರಲ್ಲೇ ಮೂರು ಕಥೆಗಳ ‘ಕಥಾಸಂಗಮ’ ಕಟ್ಟಿಕೊಟ್ಟರು. ಅದೇ ಹೆಸರಲ್ಲಿ ಏಳು ಕಥೆ, ಏಳು ನಿರ್ದೇಶಕರ ಇನ್ನೊಂದು ಚಿತ್ರ ಬರಲು 2019ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ನಾವೇನು ಮಾಡುತ್ತಿದ್ದೆವು? ತಮಿಳಿನ ‘ಕಾಂಚನಾ’ವನ್ನು ತಂದು ‘ಕಲ್ಪನಾ’ ಮಾಡಿದೆವು. ಅವರು ‘ಕಾಂಚನಾ 2’ ಮಾಡಿದರು. ನಾವು 2016ರಲ್ಲಿ ‘ಕಲ್ಪನಾ 2’ ಮಾಡಿದೆವು. ಅಕ್ಕಿ ಬೇಳೆ ಹೊರಗಿನಿಂದ ತರಿಸಬಹುದು. ದೆವ್ವವನ್ನೂ ತರಿಸಬೇಕೆ? ನಮ್ಮ ಜೋಯಿಡಾದ ಗೌಳಿವಾಡಾಗಳಲ್ಲಿ, ಕುಣಬಿಯರ ಅಂಗಳದಲ್ಲಿ ಒಂದು ರಾತ್ರಿ ಸುಮ್ಮನೆ ಕೂತು ಕಥೆ ಕೇಳಿದ ಚಿತ್ರಕಥೆಗಾರ ಎಷ್ಟು ಮಂದಿ ಇದ್ದಾರೆ?

ಕೇಳುವುದಿಲ್ಲ. ದಾಂಡೇಲಿ, ಗಣೇಶಗುಡಿಯ ರೆಸಾರ್ಟಿಗೆ ಬರುತ್ತಾರೆ. ಬೆಂಕಿ ಹಾಕಿಸಿಕೊಳ್ಳುತ್ತಾರೆ. ಸ್ಪೀಕರ್ ಹಚ್ಚುತ್ತಾರೆ. ಕಾಡು ಎಷ್ಟು ಭಯಂಕರ ಎಂದು ಪರಸ್ಪರ ಹೇಳಿಕೊಳ್ಳುತ್ತಾರೆ. ಆ ಗದ್ದಲಕ್ಕೆ ಕಾಡಿನಲ್ಲಿ ಹೆದರಿದ್ದು ಯಾರೆಂದು ಕಾಡುಪ್ರಾಣಿಗಳನ್ನು ಕೇಳಬೇಕು.

ನಿಜವಾಗಿ ನಿರಾಶೆ ತರಿಸುವ ಎರಡನೇ ಭಾಗ ಯಾವುದೆಂದು ರಾಮನಗರದ ನಮಗೆ ಯಾರೂ ಕಲಿಸಬೇಕಿಲ್ಲ. ನಾವು ಅದರಲ್ಲೇ ಮನೆ ಕಟ್ಟಿಕೊಂಡಿದ್ದೇವೆ. ಮೊದಲ ಭಾಗದ ಹೆಸರು ಸೂಪಾ. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. 1987ಕ್ಕೆ ಕೆಲಸ ಮುಗಿಯಿತು. ಸೂಪಾ ಊರು ನೀರಿನಡಿಗೆ ಹೋಯಿತು. ತಾಲೂಕಿನ ಹೆಸರೂ ಬದಲಾಗಿ ಜೋಯಿಡಾ ಆಯಿತು. ಮುಳುಗಡೆಯಾದ ಜನರನ್ನು ತಂದು ಕೂರಿಸಿದ ಊರುಗಳಲ್ಲಿ ರಾಮನಗರ ಒಂದು. ಅದೇ ಎರಡನೇ ಭಾಗ. ಟ್ರೇಲರ್ ಬಹಳ ಚೆನ್ನಾಗಿತ್ತು ಎಂದು ಹಿರಿಯರು ಈಗಲೂ ಹೇಳುತ್ತಾರೆ. ಮನೆ, ಜಮೀನು, ನೀರು, ಬೆಳಕು ಎಲ್ಲ ಇತ್ತಂತೆ ಅದರಲ್ಲಿ.

ಸಿನಿಮಾದಲ್ಲಿ ನೀರಿನ ಪಾತ್ರವನ್ನು ಕತ್ತರಿಸಿಬಿಟ್ಟಿದ್ದರು. ಇಡೀ ನದಿಗೆ ಊರು ಬಿಟ್ಟುಕೊಟ್ಟವರು ಬೇಸಿಗೆ ಬಂದರೆ ಕೊಡ ಹಿಡಿದು ನಿಲ್ಲುತ್ತಾರೆ. ಇಂಥ ತಿರುವನ್ನು ಯಾವ ಚಿತ್ರಕಥೆಗಾರನೂ ಬರೆಯಲಾರ. ನಂಬುವುದಿಲ್ಲ ಎಂದು ನಿರ್ಮಾಪಕ ಹೊಡೆದುಹಾಕುತ್ತಾನೆ.

ಇನ್ನು ಲೋಂಡಾ, ರಾಮನಗರ, ಅನಮೋಡ ದಾರಿ. ಅದರ ಅಗಲೀಕರಣದ ಕಥೆಗೆ ಎಷ್ಟು ಭಾಗ ಬಂದವೋ ಲೆಕ್ಕ ಇಟ್ಟವರಿಲ್ಲ. ಮಳೆಗಾಲದ ರಾತ್ರಿ ಆ ಗುಂಡಿಗಳಲ್ಲಿ ಬೈಕ್ ಓಡಿಸಿದವನಿಗೆ ‘ಹೆದರಲೇಬೇಕು’ ಎಂದು ಪೋಸ್ಟರ್ ಹಚ್ಚಿ ಹೇಳುವ ಕಷ್ಟ ಬೇಡ.

ಭಯದ ಕಥೆಗಳಿಗೆ ಮೂರನೇ ಭಾಗ ತೆಗೆಯುವವರು ಯಾರಾದರೂ ಇದ್ದರೆ ರಾಮನಗರಕ್ಕೆ ಬನ್ನಿ. ಸೆಟ್ ಹಾಕುವುದು ಬೇಡ, ಗ್ರಾಫಿಕ್ಸ್ ಬೇಡ. ಮೇ ತಿಂಗಳಲ್ಲಿ ಬನ್ನಿ. ಕುಡಿಯುವ ನೀರು ಮಾತ್ರ ನೀವೇ ತನ್ನಿ.